ಲಾಂಗ್‌ಆರ್ಮ್ ಮಷಿನ್ ಹೊಲಿಗೆ ಬಿಟ್ಟಾಗ

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಮಷಿನ್ ಇಟ್ಟುಕೊಂಡವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು. ಪದರ ಪದರವಾದ ಹೊದಿಕೆಯನ್ನು, ಅಂದರೆ ಕ್ವಿಲ್ಟನ್ನು, ಫ್ರೇಮಿಗೆ ಕಟ್ಟಿ ಹೊಲಿಯುವ ಉದ್ದ ತೋಳಿನ ಮಷಿನ್ ಇದು. ಹೊಲಿಗೆ ಬಿಟ್ಟುಹೋಗುತ್ತದೆ, ದಾರ ಪದೇಪದೇ ತುಂಡಾಗುತ್ತದೆ, ಕ್ವಿಲ್ಟಿನ ಹಿಂಬದಿಯಲ್ಲಿ ದಾರ ಗಂಟುಗಂಟಾಗಿ ನಿಲ್ಲುತ್ತದೆ. ಇದರಲ್ಲಿ ಯಾವುದಾದರೂ ಒಂದು ಬಂತು ಅಂದರೆ ಸಾಕು, ನಮ್ಮ ಕೈ ಸೀದಾ ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪಿಗೆ ಹೋಗುತ್ತದೆ, ಅಲ್ವಾ? ದಯವಿಟ್ಟು ಆ ಕೈಯನ್ನು ಸ್ವಲ್ಪ ತಡೆಯಿರಿ. ಮೊದಲು ಸೂಜಿಯನ್ನು ನೋಡಿ.

ಯಾಕೆ ಅಂತ ಹೇಳುತ್ತೇನೆ. ಮಾಮೂಲಿ ಹೊಲಿಗೆ ಮಷಿನ್ ನಿಂತಲ್ಲೇ ನಿಂತಿರುತ್ತದೆ, ಬಟ್ಟೆ ಸರಿಯುತ್ತದೆ. ಕೆಳಗಿನ ಹಲ್ಲುಗಳು ಬಟ್ಟೆಯನ್ನು ತಳ್ಳುವ ಹೊತ್ತಿಗೆ ಸೂಜಿ ಬಟ್ಟೆಯಿಂದ ಮೇಲೆ ಬಂದಿರುತ್ತದೆ. ಲಾಂಗ್‌ಆರ್ಮ್‌ನಲ್ಲಿ ಬಟ್ಟೆ ಫ್ರೇಮಿಗೆ ಕಟ್ಟಿಕೊಂಡು ನಿಂತಿರುತ್ತದೆ, ಮಷಿನ್ನೇ ಹಳಿಯ ಮೇಲೆ ಓಡುತ್ತದೆ. ನಾವು ಹಿಡಿ ಹಿಡಿದು ತಳ್ಳುತ್ತಲೇ ಇರುತ್ತೇವೆ. ಸೂಜಿ ಬಟ್ಟೆಯೊಳಗೆ ಇದ್ದಾಗಲೂ ಮಷಿನ್ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಹೊಲಿಗೆಯಲ್ಲೂ ಸೂಜಿ ಒಂಚೂರು ಬಾಗುತ್ತದೆ.

ಈ ಬಾಗುವಿಕೆಯೇ ಎಷ್ಟೋ ತೊಂದರೆಗಳ ಬೇರು. ಸೂಜಿ ಪೂರ್ತಿ ಕೆಳಗಿಳಿದು ಸ್ವಲ್ಪ ಮೇಲೇಳುವಾಗ ಅದರ ಹಿಂದೆ ದಾರದ ಚಿಕ್ಕ ಕುಣಿಕೆ ಮೂಡುತ್ತದೆ. ಬಟ್ಟೆಯ ಕೆಳಗೆ ತಿರುಗುವ ಹುಕ್ಕಿನ (ಕೊಕ್ಕೆಯ) ಮೊನೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಹುಕ್ಕಿಗೂ ಸೂಜಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಸೂಜಿ ಹುಕ್ಕಿನಿಂದ ದೂರ ಬಾಗಿದರೆ ಕುಣಿಕೆ ತಪ್ಪುತ್ತದೆ, ಹೊಲಿಗೆ ಬಿಟ್ಟುಹೋಗುತ್ತದೆ. ಹುಕ್ಕಿನ ಕಡೆಗೇ ಬಾಗಿದರೆ ಎರಡೂ ಉಜ್ಜಿಕೊಂಡು ದಾರ ಸಿಗಿದು ಹೋಗುತ್ತದೆ. ಒಂದು ದಿಕ್ಕಿಗೆ ಹೋಗುವಾಗ ಮಾತ್ರ ಹೊಲಿಗೆ ತಪ್ಪುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಟೆನ್ಷನ್ ತಿರುಪನ್ನು ಎಷ್ಟು ತಿರುಗಿಸಿದರೂ ಸರಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಬಟ್ಟೆಯ ಬಿಗಿ ನೋಡಿ. ಕ್ವಿಲ್ಟನ್ನು ಫ್ರೇಮಿನ ಮೇಲೆ ಡೋಲಿನ ಹಾಗೆ ಬಿಗಿದರೆ ಸೂಜಿಯ ಜೊತೆ ಬಟ್ಟೆ ಸ್ವಲ್ಪವೂ ಸರಿಯುವುದಿಲ್ಲ, ಸೂಜಿಯೇ ಬಾಗಬೇಕಾಗುತ್ತದೆ. ಒಂದು ಕೈಯ ಬೆರಳನ್ನು ಬಟ್ಟೆಯ ಕೆಳಗಿನಿಂದ ಮೇಲಕ್ಕೆ ಒತ್ತಿ. ಆ ಬೆರಳ ತುದಿಯನ್ನು ಇನ್ನೊಂದು ಕೈಯಿಂದ ಬಟ್ಟೆಯ ಮೇಲಿನಿಂದ ಹಿಡಿಯಲು ಆಗಬೇಕು. ಆಗದಿದ್ದರೆ ಬಟ್ಟೆ ಸುತ್ತಿದ ರೋಲರ್ ಒಂದು ಹಲ್ಲು ಸಡಿಲಿಸಿ. ಪಕ್ಕದ ಕ್ಲಿಪ್ಪುಗಳನ್ನೂ ಜಗ್ಗಿ ಹಾಕಬೇಡಿ. ಬಟ್ಟೆ ಮಟ್ಟಸವಾಗಿ ನಿಂತರೆ ಸಾಕು.

ಆಮೇಲೆ ಸೂಜಿ ಬದಲಿಸಿ. ಒಂದು ದೊಡ್ಡ ಕ್ವಿಲ್ಟಿಗೆ ಒಂದು ಹೊಸ ಸೂಜಿ ಅನ್ನುವ ಲೆಕ್ಕ ಒಳ್ಳೆಯದು. ಸಾಮಾನ್ಯ ಹತ್ತಿ ಬಟ್ಟೆಗೆ 16 ಅಥವಾ 18ನೇ ನಂಬರ್ ಸೂಜಿ ಬಳಸುತ್ತಾರೆ. ಸೂಜಿ ದಪ್ಪವಾದಷ್ಟೂ ಬಾಗುವುದು ಕಡಿಮೆ. ಹೆಚ್ಚಿನ ಲಾಂಗ್‌ಆರ್ಮ್ ಸೂಜಿಗಳ ಬುಡ ದುಂಡಗಿರುತ್ತದೆ. ಮನೆ ಮಷಿನ್ ಸೂಜಿಗಿರುವ ಚಪ್ಪಟೆ ಬದಿ ಇದಕ್ಕಿಲ್ಲ, ಆದ್ದರಿಂದ ಹೇಗೆ ಬೇಕಾದರೂ ಕೂತುಬಿಡುತ್ತದೆ! ಉದ್ದ ಗೀರು ನಿಮ್ಮ ಕಡೆಗೆ ಇರಬೇಕು, ಕಣ್ಣಿನ ಮೇಲಿನ ತಗ್ಗು ಹಿಂದಕ್ಕೆ ಇರಬೇಕು. ಸೂಜಿಯ ಕಣ್ಣಿಗೆ ಒಂದು ಸಣ್ಣ ಗುಂಡುಪಿನ್ನು ತೂರಿಸಿ ನೋಡಿ. ಪಿನ್ನು ನೇರವಾಗಿ ನಿಮ್ಮತ್ತ ಚಾಚಿದ್ದರೆ ಸೂಜಿ ಸರಿ ಕೂತಿದೆ. ಮೇಲಕ್ಕೆ ಪೂರ್ತಿ ಒತ್ತಿದ ಮೇಲೆಯೇ ತಿರುಪು ಬಿಗಿಯಿರಿ. ಕೈಯ ವೇಗವೂ ಸ್ವಲ್ಪ ಇಳಿಯಲಿ. ತಿರುವುಗಳಲ್ಲಿ ನಾವು ಗೊತ್ತಿಲ್ಲದೆಯೇ ಜೋರಾಗಿ ತಳ್ಳುತ್ತೇವೆ.

ಈಗ ದಾರಕ್ಕೆ ಬರೋಣ. ಮೇಲಿನ ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಪೋಣಿಸಿ. ಟೆನ್ಷನ್ ಬಿಲ್ಲೆಗಳ ನಡುವೆ ಬಂದಾಗ ದಾರವನ್ನು ಎರಡೂ ಕಡೆ ಹಿಡಿದು ಹಿಂದೆ ಮುಂದೆ ಎಳೆಯಿರಿ, ಒಳಗೆ ಕೂತದ್ದು ಕೈಗೇ ಗೊತ್ತಾಗುತ್ತದೆ. ದಾರ ಬಿಲ್ಲೆಯ ಹೊರಗೆ ಸುಮ್ನೆ ನೇತಾಡುತ್ತಿದ್ದರೆ ಹಿಂಬದಿಯಲ್ಲಿ ರಾಶಿ ಗಂಟು ಗ್ಯಾರಂಟಿ.

ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಡಬ್ಬಿ, ಅಂದರೆ ಬಾಬಿನ್ ಕೇಸನ್ನು ತೆಗೆಯುವ ಮೊದಲು ಮಷಿನ್ ಆಫ್ ಮಾಡಿ. ಹುಕ್ಕಿನ ಸುತ್ತ ಸೇರಿಕೊಂಡ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆದು ಒಂದೇ ಒಂದು ತೊಟ್ಟು ಎಣ್ಣೆ ಬಿಡಿ. ಕೇಸಿನ ಪಟ್ಟಿ ಸ್ಪ್ರಿಂಗಿನ ಅಡಿಯಲ್ಲೂ ಧೂಳು ಕೂರುತ್ತದೆ. ದಪ್ಪ ಕಾಗದದ ಮೂಲೆಯನ್ನು ಅಲ್ಲಿ ಮೆಲ್ಲಗೆ ಓಡಿಸಿ. ಎಷ್ಟೋ ಸಲ ಅಲ್ಲಿಂದ ಬರುವ ಸಣ್ಣ ನಾರೊಂದೇ ಅಷ್ಟೂ ರಗಳೆಗೆ ಕಾರಣವಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಹೊಲಿಗೆ ಸರಿಬರದಿದ್ದರೆ ಟೆನ್ಷನ್ ಮುಟ್ಟಬಹುದು. ಅದರಲ್ಲೂ ಮೊದಲು ಬಾಬಿನ್ನಿನದು, ಆಮೇಲೆ ಮೇಲಿನದು. ಬಾಬಿನ್ ಹಾಕಿದ ಕೇಸನ್ನು ದಾರದಿಂದ ಇಳಿಬಿಟ್ಟು ಕೈಯನ್ನು ಸಣ್ಣಗೆ ಒಮ್ಮೆ ಕುಲುಕಿ. ಕೇಸು ಒಂದಿಷ್ಟು ಜಾರಿ ನಿಲ್ಲಬೇಕು. ಸರ್ರನೆ ಕೆಳಗಿಳಿದರೆ ಸಡಿಲ, ಅಲುಗಾಡದೆ ನಿಂತರೆ ಬಿಗಿ. ಕೇಸಿನ ತಿರುಪನ್ನು ಗಡಿಯಾರದ ಮುಳ್ಳು 5 ನಿಮಿಷ ಸರಿದಷ್ಟೇ ತಿರುಗಿಸಿ, ಮತ್ತೆ ಇಳಿಬಿಟ್ಟು ನೋಡಿ. ಈ ಕೆಲಸ ಒಂದು ತಟ್ಟೆಯ ಮೇಲೆ ಆಗಲಿ. ಆ ತಿರುಪು ಎಷ್ಟು ಚಿಕ್ಕದು ಅಂದರೆ ನೆಲಕ್ಕೆ ಬಿದ್ದರೆ ಹುಡುಕುವುದು ಕಷ್ಟ.

ಬಾಬಿನ್ ದಾರ ಕ್ವಿಲ್ಟಿನ ಮೇಲೆ ಚುಕ್ಕಿಚುಕ್ಕಿಯಾಗಿ ಕಂಡರೆ ಮೇಲಿನ ಟೆನ್ಷನ್ ಜಾಸ್ತಿಯಾಗಿದೆ ಅಂತ ತಿಳಿಯಿರಿ. ಮೇಲಿನ ದಾರ ಹಿಂಬದಿಯಲ್ಲಿ ಕುಣಿಕೆಗಳಾಗಿ ಕಂಡರೆ ಅದು ಕಡಿಮೆಯಾಗಿದೆ. ಅಂಥ ಕುಣಿಕೆಗಳು ತಿರುವಿನಲ್ಲಿ ಮಾತ್ರ ಕಂಡರೆ ಮೊದಲು ವೇಗ ಇಳಿಸಿ ನೋಡಿ. ಕ್ವಿಲ್ಟಿನ ಅಡಿಬಟ್ಟೆಯನ್ನು ಪ್ರತಿ ಬದಿಗೂ 4 ಇಂಚು ಹೆಚ್ಚು ಬಿಡಿ, ಹೊಲಿಗೆ ಪರೀಕ್ಷಿಸಿ ನೋಡಲೂ ಅದು ಅನುಕೂಲ. ಆ ಅಂಚಿನಲ್ಲಿ ಅದೇ ಬಟ್ಟೆ, ಅದೇ ಹತ್ತಿ ಹಾಸು ಇಟ್ಟು ನಾಲ್ಕೂ ದಿಕ್ಕಿಗೆ ಗೆರೆ ಹೊಲಿಯಿರಿ, ಒಂದು ವೃತ್ತವನ್ನೂ ಹೊಲಿಯಿರಿ. ಆಮೇಲೆ ಬಗ್ಗಿ ಟಾರ್ಚ್ ಬಿಟ್ಟು ಅಡಿಭಾಗ ನೋಡಿ. ಮೇಲಿನಿಂದ ಚೆನ್ನಾಗಿ ಕಾಣುವ ಹೊಲಿಗೆಯನ್ನು ನಂಬಿ ಅರ್ಧ ಕ್ವಿಲ್ಟ್ ಮುಗಿಸಿಬಿಟ್ಟರೆ ಬಿಚ್ಚುವುದು ತುಂಬಾ ಸಂಕಟದ ಕೆಲಸ.

ಬೆಳಗ್ಗೆ ಚೆನ್ನಾಗಿಯೇ ಓಡುತ್ತಿದ್ದ ಮಷಿನ್ ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಬಿಡತೊಡಗಿದರೆ ರೋಲರ್ ಕಡೆ ನೋಡಿ. ಮುಗಿದ ಭಾಗ ಸುತ್ತಿಕೊಳ್ಳುತ್ತಾ ರೋಲರ್ ದಪ್ಪವಾಗುತ್ತದೆ, ಬಟ್ಟೆ ಮಷಿನ್ ತಟ್ಟೆಯಿಂದ ಮೇಲಕ್ಕೆ ಏಳುತ್ತದೆ. ಸೂಜಿ ಮೇಲೆ ಬರುವಾಗ ಬಟ್ಟೆಯೂ ಜೊತೆಗೆ ಎದ್ದರೆ ಕುಣಿಕೆ ಸರಿಯಾಗಿ ಮೂಡುವುದಿಲ್ಲ. ನಿಮ್ಮ ಫ್ರೇಮಿನಲ್ಲಿ ರೋಲರ್ ಎತ್ತರ ಹೊಂದಿಸುವ ಸೌಕರ್ಯವಿದ್ದರೆ ಆಗಾಗ ಸರಿಮಾಡಿಕೊಳ್ಳಿ.

ಹೊಲಿಗೆಯ ಉದ್ದ ಏರುಪೇರಾಗುತ್ತಿದ್ದರೆ ಅದು ಬೇರೆ ಕಥೆ. ಹೊಲಿಗೆಯ ಉದ್ದವನ್ನು ಒಂದೇ ಸಮ ಇಡುವ ಸ್ಟಿಚ್ ರೆಗ್ಯುಲೇಟರ್‌ಗೆ ಮಷಿನ್ ಎಷ್ಟು ಸರಿಯಿತು ಅಂತ ತಿಳಿಸುವುದು ಹಳಿಗೆ ತಾಗಿ ಉರುಳುವ ಚಕ್ರಗಳು. ಅವು ಜಾರಿದರೆ ಅಥವಾ ಅವಕ್ಕೆ ದಾರ ಸುತ್ತಿಕೊಂಡರೆ ಲೆಕ್ಕ ತಪ್ಪುತ್ತದೆ. ಹಳಿಯನ್ನೂ ಚಕ್ರವನ್ನೂ ಒಣಬಟ್ಟೆಯಿಂದ ಒರೆಸಿ. ಕೈಬಿಟ್ಟಾಗ ಮಷಿನ್ ತಾನಾಗಿಯೇ ಒಂದು ಕಡೆಗೆ ಉರುಳಿದರೆ ಫ್ರೇಮ್ ಮಟ್ಟವಾಗಿಲ್ಲ. ಕಾಲುಗಳ ತಿರುಪು ಹೊಂದಿಸಿ.

ಇನ್ನು ಟೈಮಿಂಗ್, ಅಂದರೆ ಸೂಜಿಯೂ ಹುಕ್ಕೂ ಸರಿಯಾದ ಹೊತ್ತಿಗೆ ಸೇರುವುದು. ಸೂಜಿ ಪಿನ್ನಿಗೋ ರೂಲರಿಗೋ ಜೋರಾಗಿ ಬಡಿದಿದ್ದು, ಹೊಸ ಸೂಜಿ ಹಾಕಿದ ಮೇಲೂ ಎಲ್ಲ ದಿಕ್ಕಿನಲ್ಲೂ ಹೊಲಿಗೆ ತಪ್ಪುತ್ತಿದ್ದರೆ ಹುಕ್ಕು ತನ್ನ ಜಾಗ ಬಿಟ್ಟಿರಬಹುದು. ಅದನ್ನು ಮತ್ತೆ ಹೊಂದಿಸುವ ಕೆಲಸವನ್ನು ಮಷಿನ್ ಜೊತೆ ಬಂದ ಪುಸ್ತಕ ನೋಡಿಕೊಂಡೇ ಮಾಡಿ, ಧೈರ್ಯ ಬರದಿದ್ದರೆ ಮೆಕ್ಯಾನಿಕ್ ಕರೆಸಿ. ನೀವೇ ಮಾಡುವುದಾದರೆ ಹುಕ್ಕಿನ ತಿರುಪು ಸಡಿಲಿಸುವ ಮೊದಲು ಹುಕ್ಕು ಇದ್ದ ಸ್ಥಿತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ಬಿಗಿದ ಮೇಲೆ ಸೂಜಿಯನ್ನು ಏರಿಳಿಸುವ ಕೈಚಕ್ರವನ್ನು ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸಿ. ಲೋಹ ಲೋಹಕ್ಕೆ ತಾಗಿದ ಸದ್ದು ಎಲ್ಲೂ ಬರದಿದ್ದರೆ ಮಾತ್ರ ಸ್ವಿಚ್ ಹಾಕಿ.

ನಮಸ್ಕಾರ.