ಗೇಟು ಮುಚ್ಚದ ಗ್ರಂಥಿ

ಕೇಳುಗರಿಗೆ ನಮಸ್ಕಾರ. ರೇಡಿಯೋ ಹಚ್ಚಿಟ್ಟು ರೊಟ್ಟಿ ತಟ್ಟುತ್ತಿರುವ ತಾಯಂದಿರೇ, ಪಿಟ್ಯೂಟರಿ ಎಂಬ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಹಾರ್ಮೋನು ಹೆಚ್ಚಾದರೆ ಅದಕ್ಕೆ ಕ್ಯಾಲ್ಸಿಯಂ ಕಾರಣ, ಹಾಲು ಮೊಸರು ಬಿಡಿ ಎನ್ನುವವರಿದ್ದಾರೆ. ಅವರಿಗೆ ಇಂದು ನಾನು ಹೇಳುವುದು ಒಂದೇ ಮಾತು: ತಪ್ಪು ಕ್ಯಾಲ್ಸಿಯಂನದಲ್ಲ, ಗೇಟಿನದು.

ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ಪಿಟ್ಯೂಟರಿ ಗ್ರಂಥಿಯಿದೆ. ತೂಕ ಸುಮಾರು ಅರ್ಧ ಗ್ರಾಂ. ಅದರ ಕೋಶಗಳು ಪುಟ್ಟ ಚೀಲಗಳಲ್ಲಿ ಹಾರ್ಮೋನು ತುಂಬಿಟ್ಟುಕೊಂಡಿರುತ್ತವೆ. ಕೋಶದ ಒಳಗಿನ ಕ್ಯಾಲ್ಸಿಯಂಗಿಂತ ಹೊರಗಿನದು ಸುಮಾರು 10 ಸಾವಿರ ಪಟ್ಟು ಹೆಚ್ಚು. ತುಂಗಭದ್ರಾ ಜಲಾಶಯ ತುಂಬಿ ನಿಂತ ಹಾಗೆ. ಕೋಶದಲ್ಲಿ ವಿದ್ಯುತ್ ಮಿಡಿದರೆ ಅದರ ಪೊರೆಯಲ್ಲಿರುವ ಗೇಟು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಚೀಲ ಬಾಯಿಬಿಟ್ಟು ಹಾರ್ಮೋನು ರಕ್ತ ಸೇರುತ್ತದೆ. ಮಿದುಳಿನಿಂದ ಇಳಿಯುವ ಡೋಪಮೈನ್ ಎಂಬ ರಾಸಾಯನಿಕ ಆ ಗೇಟನ್ನು ಹಿಡಿದಿಡುತ್ತದೆ. ಗಡ್ಡೆ ಬೆಳೆದಲ್ಲಿ ಆ ಹಿಡಿತ ಸಾಲುವುದಿಲ್ಲ.

ಇಲಿಯ ಪಿಟ್ಯೂಟರಿ ಗಡ್ಡೆಯಿಂದ 1960ರ ದಶಕದಲ್ಲಿ ಬೆಳೆಸಿದ ಜಿಎಚ್3 ಎಂಬ ಕೋಶಗಳಿವೆ. ಕ್ಯಾಲ್ಸಿಯಂ ತಗಲಿದರೆ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಯಾರ ಅಪ್ಪಣೆಯೂ ಇಲ್ಲದೆ ಮಿಂಚುಹುಳಗಳಂತೆ ಮಿನುಗುತ್ತವೆ. ಎಷ್ಟು ಚೆಂದ! ಎಷ್ಟು ಸಲ ನೋಡಿದರೂ ನನಗೆ ಸಾಲದು.

2024ರ ಆಗಸ್ಟ್ ಕೊನೆಗೆ ಕಾರಟಗಿ ಕಡೆಯ ಹೆಣ್ಣುಮಗಳೊಬ್ಬಳು ಚಿಕಿತ್ಸೆಗೆ ನನ್ನ ಬಳಿ ಬಂದಳು. ಎರಡು ವರ್ಷದಿಂದ ಮುಟ್ಟಿಲ್ಲ. ಹೆರದಿದ್ದರೂ ಎದೆಯಲ್ಲಿ ಹಾಲು. ಊರವರು ಬಾಯಿಗೆ ಬಂದಂತೆ ಮಾತನಾಡಿದ್ದರು. ಮೊಬೈಲಿನಲ್ಲಿ ಏನೋ ಓದಿದ ಮೈದುನ, ಇದಕ್ಕೆಲ್ಲ ಕ್ಯಾಲ್ಸಿಯಂ ಕಾರಣವೆಂದು ಅವಳಿಗೆ ಹಾಲು, ಮೊಸರು ಬಿಡಿಸಿದ್ದ. ರಕ್ತದಲ್ಲಿ ಎದೆಹಾಲು ತರಿಸುವ ಪಿಟ್ಯೂಟರಿ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿತ್ತು, ಎಂಆರ್‌ಐನಲ್ಲಿ ಆ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಕಂಡಿತು.

ನಾನು ಕೇಳಿದೆ: "ಈ ತಿಂಗಳು ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲಮ್ಮ, ತಪ್ಪು ಮಳೆಯದೋ?"

"ಮಳೆಯದೇನು ತಪ್ಪು ಸರ್? ಚೈನು ತುಂಡಾಯಿತು. ಭತ್ತಕ್ಕೆ ನೀರಿಲ್ಲವೆಂದು ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ."

"ಹಾಗಾದರೆ ಮೊಸರಿನದೇನು ತಪ್ಪು?"

ಅವಳು ಮೈದುನನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ವಾರಕ್ಕೆ ಎರಡು ಸಲ ಕ್ಯಾಬರ್ಗೊಲಿನ್ ಮಾತ್ರೆ ಬರೆದೆ. ಅದು ಡೋಪಮೈನ್‌ನ ಕೆಲಸವನ್ನೇ ಮಾಡುತ್ತದೆ; ಗೇಟು ಇಳಿಯುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಕೆಲವು ತಿಂಗಳಲ್ಲಿ ಮುಟ್ಟು ಮರಳಿತು. ಹೋದ ಗೇಟಿನ ಜಾಗದಲ್ಲಿ ನೀರು ತಡೆಯಲು ಹರಿವ ನೀರಿನಲ್ಲೇ ಅಣೆಕಟ್ಟೆಗೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ಇಳಿಸಿದ್ದನ್ನು ಟಿವಿಯಲ್ಲಿ ನೋಡಿದ್ದ ಅವಳು ಈಗಲೂ ಅದನ್ನು "ಸ್ಟಾಪ್‌ಲಾಗ್ ಮಾತ್ರೆ" ಎಂದೇ ಕರೆಯುತ್ತಾಳೆ.

ಸಮಯ ಮುಗಿಯುತ್ತಿದೆ. ಬೆಳವಣಿಗೆಯ ಹಾರ್ಮೋನಿನ ಗಡ್ಡೆಯೂ ಇದೇ ದಾರಿಯದು: ದೊಡ್ಡವರಾದ ಮೇಲೂ ಚಪ್ಪಲಿಯ ಅಳತೆ ಏರಿದರೆ, ಉಂಗುರ ಬಿಗಿಯಾದರೆ ತೋರಿಸಿಕೊಳ್ಳಿ. ತಲೆನೋವಿನ ಜೊತೆ ಪಕ್ಕದ ನೋಟ ಮಸುಕಾದರೆ ಅಂದೇ ಬನ್ನಿ. ಡೊಂಪೆರಿಡೋನ್ ಇರುವ ಗ್ಯಾಸ್ ಮಾತ್ರೆಯೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ ಎಂದು ಎಷ್ಟು ಸಲ ಹೇಳಲಿ! ಬರುವಾಗ ಆ ಮಾತ್ರೆಯ ಸ್ಟ್ರಿಪ್ಪನ್ನೂ ತನ್ನಿ.

ಹಾಲು ಬಿಟ್ಟರೆ ಗೇಟು ಮುಚ್ಚುವುದಿಲ್ಲ, ಮೂಳೆ ಸವೆಯುತ್ತದೆ. ಇಂದು ರಾತ್ರಿ ಊಟಕ್ಕೆ ಮೊಸರು ಹಾಕಿಕೊಳ್ಳಿ. ನಮಸ್ಕಾರ.