ಮಗಳು ಬರೆದ ಒಗ್ಗರಣೆ ಚೀಟಿ

ನಮಸ್ಕಾರ ಎಲ್ಲರಿಗೂ. ಗಂಗಾವತಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಂದರೆ ಮಂಡಾಳು (ಮಂಡಕ್ಕಿ) ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ. ಇವತ್ತೂ ಅದೇ. ಒಲೆ ಮೇಲಿನ ಗೋಡೆಗೆ ಅಂಟಿಸಿರುವ ಆ ಚೀಟಿ ನೋಡಿದಿರಾ? ಅದನ್ನು ಬರೆದದ್ದು ಎರಡನೇ ತರಗತಿ ಓದುವ ನನ್ನ ಮಗಳು.

ಕಾಪಿ ಬರೆಯಲು ಕೂತರೆ ಎರಡೇ ಸಾಲಿಗೆ ಅವಳಿಗೆ ಕೈ ನೋವು, ನೀರಡಿಕೆ, ನಿದ್ದೆ ಎಲ್ಲಾ ಬರುತ್ತಿತ್ತು. ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು. "ನಾನು ಹೇಳ್ತೀನಿ, ಕಿರಾಣಿ ಚೀಟಿ ನೀನು ಬರಿ" ಅಂದೆ. ಹನ್ನೊಂದು ಸಾಮಾನು ಬರೆದಳು! ಅಂಗಡಿಯವರು ಅದನ್ನೇ ಓದಿಕೊಂಡು ಎಲ್ಲಾ ಕಟ್ಟಿಕೊಟ್ಟರು. ಆಗ ಅವಳ ಮುಖ ನೋಡಬೇಕಿತ್ತು.

ಚೀಟಿಯಲ್ಲಿ ಇದ್ದದ್ದು ಉಪು, ಎಣೆ, ಅಕಿ. ಒತ್ತು ಎಲ್ಲೂ ಇಲ್ಲ. ನಮ್ಮ ಅಡುಗೆಮನೆ ತುಂಬ ಒತ್ತಕ್ಷರಗಳೇ ಅಲ್ವಾ? ಉಪ್ಪು, ಎಣ್ಣೆ, ಹಿಟ್ಟು, ಬೆಲ್ಲ, ತುಪ್ಪ. ಬೆಳ್ಳುಳ್ಳಿಯಲ್ಲಂತೂ ಎರಡೆರಡು. ಹಾಗಾಗಿ ಈಗ ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿ ಕೊಡುತ್ತೇನೆ. "ಉಪ್... ಪು" ಅಂತ ಬಿಡಿಸಿ ಹೇಳುತ್ತಾಳೆ. ಸದ್ದಿಗೆ ಒತ್ತು ಬಿದ್ದ ಕಡೆ ಬೆರಳಲ್ಲಿ ಒತ್ತು ಬರೆಯುತ್ತಾಳೆ. ತಪ್ಪಿದರೆ ತಟ್ಟೆ ಅಲುಗಿಸಿದರೆ ಆಯಿತು. ಮಿರ್ಚಿ ಮಾತ್ರ ಇನ್ನೂ ಕಷ್ಟ. ರ್ ಸದ್ದು ಮೊದಲು ಬರುತ್ತದೆ, ಅದರ ಗುರುತು ಚಿ ಆದಮೇಲೆ. ಮಕ್ಕಳು ತಡವರಿಸುವುದು ಸಹಜ, ಅದಕ್ಕೆ ಬೈಯಬೇಡಿ.

ಕಳೆದ ವಾರ ಒಗ್ಗರಣೆ ಮಾಡುವ ಕ್ರಮ ಬರೆದುಕೊಟ್ಟಳು. ಅವಳು ಬರೆದಂತೆಯೇ ಮಾಡಬೇಕು ಅಂತ ನಮ್ಮ ಒಪ್ಪಂದ. ಚಾಕು, ಒಲೆ ನನ್ನದು. ಚೀಟಿ ಅವಳದು. "ಮಂಡಾಳು ನೀರಿಗೆ ಹಾಕು. ಉಳ್ಳಾಗಡ್ಡಿ ಹೆಚ್ಚು." ಹಾಕಿದೆ, ಹೆಚ್ಚಿದೆ. ಅಷ್ಟರಲ್ಲಿ ಮಂಡಾಳು ನೆನೆದು ಮುದ್ದೆಯಾಗಿತ್ತು.

"ಅವ್ವಾ, ಹಿಂಡಿ ತೆಗೀಬೇಕಲ್ಲ!"

"ಚೀಟಿಯಲ್ಲಿ ಎಲ್ಲಿದೆ, ತೋರಿಸು."

ಓದಿದಳು. ಮತ್ತೊಮ್ಮೆ ಓದಿದಳು. ಸುಮ್ನೆ ಪೆನ್ಸಿಲ್ ತಂದು ಎರಡು ಸಾಲಿನ ನಡುವೆ ಸಣ್ಣದಾಗಿ ಬರೆದಳು: "ಬೇಗ ಹಿಂಡಿ ತೆಗಿ." ಬರೆದದ್ದನ್ನು ಅವಳೇ ತಿರುಗಿ ಓದಿ ತಿದ್ದಿದ್ದು ಅದೇ ಮೊದಲು. ಆ ಮುದ್ದೆಗೇ ಪುಟಾಣಿ (ಹುರಿಗಡಲೆ) ಪುಡಿ ಹಾಕಿಕೊಂಡು ತಿಂದೆವು. ನನಗೆ ಖುಷಿಯೇ ಆಗಿತ್ತು.

ಇವತ್ತು ನೋಡಿ, ಮಂಡಾಳು ಎಷ್ಟು ಉದುರಾಗಿದೆ.

ಈಗ ಅಜ್ಜಿಯ ಗುರೆಳ್ಳು (ಹುಚ್ಚೆಳ್ಳು) ಚಟ್ನಿ ಬರೆದುಕೊಳ್ಳುತ್ತಿದ್ದಾಳೆ. "ಒಂದು ಹಿಡಿ ಗುರೆಳ್ಳು ಹುರಿ" ಅಂದರು ಅಜ್ಜಿ. ಪೆನ್ಸಿಲ್ ನಿಂತಿತು.

"ಯಾರ ಹಿಡಿ ಅಜ್ಜಿ? ನಿಂದಾ, ನಂದಾ?"

ಅಜ್ಜಿ ತಮ್ಮ ಕೈ ಬಿಡಿಸಿ ತೋರಿಸಿದರು. ಅವಳು ಬರೆದುಕೊಂಡಳು: "ಅಜ್ಜಿಯ ಒಂದು ಹಿಡಿ."