ಹರಳೆಣ್ಣೆ ವಾಸನೆಯ ಮೋಟರು, ನಡುನೀರಲ್ಲಿ ಒಂದು ಸೇಫ್ಟಿ ಪಿನ್ನು

ನಮಸ್ಕಾರ ಎಲ್ಲರಿಗೂ. ಈ ವಿಡಿಯೋ ಹಳೇ ದೋಣಿ ಮೋಟರುಗಳದ್ದು, ಅವನ್ನು ಓಡಿಸಿದ ಒಬ್ಬ ಅಜ್ಜನದ್ದು. ಮೊದಲೇ ಹೇಳಿಬಿಡುತ್ತೇನೆ, ಲೆನ್ಸ್ ಮೇಲೆ ಕಾಣುತ್ತಿರುವುದು ಕೊಳೆಯಲ್ಲ, ಹುಳ. ಇಲ್ಲಿ ಇದಕ್ಕೆ ಲೇಕ್ ಫ್ಲೈ ಅನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ವಿನ್ನೆಬೇಗೋ ಅನ್ನೋ ಕೆರೆಯ ದಡದಲ್ಲಿ ಮೇ ತಿಂಗಳು ಬಂತೆಂದರೆ ಇದೇ ಪಾಡು. ಕಚ್ಚುವುದಿಲ್ಲ, ಪಾಪ. ಆದರೆ ಬಾಯಿ ತೆರೆದರೆ ಒಳಗೆ. ಅದಕ್ಕೇ ಅಲ್ಲಿ ನಾನು ಮಾತಾಡಿದ್ದನ್ನೆಲ್ಲ ತೆಗೆದುಹಾಕಿ, ಈಗ ಮನೆಯಲ್ಲಿ ಕೂತು ಧ್ವನಿ ಕೊಡುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗಿದರೆ ಕ್ಷಮಿಸಿ.

ಈ ಕೈಗಳು ನಮ್ಮ ಪಕ್ಕದ ಮನೆ ಅಜ್ಜನವು. ಎದುರಿಗೆ ಹೆಸರು ಹಿಡಿದೇ ಕರೆಯುತ್ತೇನೆ, ಇಲ್ಲಿ ಹಾಗೇ ತಾನೆ. ನಿಮ್ಮ ಹತ್ತಿರ ಮಾತಾಡುವಾಗ ಮಾತ್ರ ಅಜ್ಜ. 86 ವರ್ಷ. ಮುಖ ತೋರಿಸಬೇಡ, ಹೆಸರು ಹೇಳಬೇಡ, ಯಾವ ಕಂಪನಿಯಲ್ಲಿದ್ದೆ ಅಂತಲೂ ಹೇಳಬೇಡ ಅಂದಿದ್ದಾರೆ. ಸರಿ, ಕೈ ತೋರಿಸಬಹುದಾ ಅಂದೆ. "ಕೈಗೇನು, ತೋರಿಸು" ಅಂದರು. ಬಲಗೈ ಕಿರುಬೆರಳು ಸೊಟ್ಟಗಿದೆ ನೋಡಿ. ಅದು ದೋಣಿ ರೇಸಿನ ಕಾಣಿಕೆ.

ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರ್ ಇದೆಯಲ್ಲ, ಔಟ್‌ಬೋರ್ಡ್ ಮೋಟರ್, ಮಲ್ಪೆ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ಟೆಸ್ಟ್ ಮಾಡುವುದು ಇವರ ಕೆಲಸವಾಗಿತ್ತು. 1950ರ ದಶಕದ ಕೊನೆಯಲ್ಲಿ, ಇನ್ನೂ ಹುಡುಗ, ರೇಸಿಗೆ ಇಳಿದರಂತೆ. ಆಮೇಲೆ 60ರ ದಶಕವೆಲ್ಲ ಟೆಸ್ಟ್ ಡ್ರೈವರ್. ಅಂದರೆ ಸಂಬಳ ತಗೊಂಡು ಬೆಳಗಿನಿಂದ ಸಂಜೆವರೆಗೆ ಒಂದೇ ಕೆರೆಯಲ್ಲಿ ಸುತ್ತು ಹೊಡೆಯುವುದು. ಮೊದಲ ಸಲ ಕೇಳಿದಾಗ, ಇದೂ ಒಂದು ಕೆಲಸವಾ ಅನ್ನಿಸಿತ್ತು. ಆಮೇಲೆ ನೆನಪಾಯಿತು, ನಾನೂ ಟೆಸ್ಟರೇ. ಆಫೀಸಿನಲ್ಲಿ ಅದೇ ಬಟನ್ ಸಾವಿರ ಸಲ ಒತ್ತುತ್ತೇನೆ. ನನಗೆ ಗಾಳಿಯೂ ಇಲ್ಲ, ನೀರೂ ಇಲ್ಲ.

ಈಗ ಗ್ಯಾರೇಜಿನ ಒಳಗಿದ್ದೇವೆ. ವಿಡಿಯೋದಲ್ಲಿ ವಾಸನೆ ಬರುವುದಿಲ್ಲ, ಅದೊಂದು ನಷ್ಟ. ಬಾಗಿಲು ತೆಗೆದ ಕೂಡಲೇ ನನಗೆ ನಮ್ಮಜ್ಜಿ ನೆನಪಾದರು. ಭಾನುವಾರ ಬೆಳಿಗ್ಗೆ ಮಣೆ ಮೇಲೆ ಕೂರಿಸಿ ನೆತ್ತಿಗೆ ಒತ್ತುತ್ತಿದ್ದರಲ್ಲ, ಅದೇ ಹರಳೆಣ್ಣೆ! ಅಮೆರಿಕದ ಗ್ಯಾರೇಜಿನಲ್ಲಿ ಹರಳೆಣ್ಣೆ ಯಾಕೆ ಅಂತ ಕೇಳಿದ್ದಕ್ಕೆ ಅಜ್ಜ ಆ ತಗಡಿನ ಡಬ್ಬಿ ತೋರಿಸಿದರು. ಆಗಿನ ಕೆಲವು ರೇಸುಗಳಲ್ಲಿ ಪೆಟ್ರೋಲ್ ಅಲ್ಲ, ಮೆಥನಾಲ್ ಅನ್ನೋ ಆಲ್ಕೋಹಾಲ್ ಹಾಕಿ ಓಡಿಸುತ್ತಿದ್ದರಂತೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಇಂಧನದ ಜೊತೆಯೇ ಆಯಿಲ್ ಬೆರೆಸಬೇಕು. ಮಾಮೂಲಿ ಇಂಜಿನ್ ಆಯಿಲ್ ಮೆಥನಾಲ್ ಜೊತೆ ಬೆರೆಯುವುದಿಲ್ಲ, ಬೇರೆಯಾಗಿ ನಿಲ್ಲುತ್ತದೆ. ಹರಳೆಣ್ಣೆ ಬೆರೆಯುತ್ತದೆ. ಅದಕ್ಕೆ ಅದು. ರೇಸಿನ ದಿನ ಕೆರೆ ದಡವೆಲ್ಲ ಇದೇ ವಾಸನೆಯಂತೆ. ಸುಟ್ಟ ಹರಳೆಣ್ಣೆ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವವರೆಗೂ ಬಿಡುವುದಿಲ್ಲ ಅಂತಾರೆ ಅಜ್ಜ. ನಮ್ಮಲ್ಲಿ ಅದನ್ನು ಹೊಟ್ಟೆ ತೊಳೆಯೋಕೆ ಕೊಡುತ್ತಾರೆ ಅಂದೆ. ನಗುತ್ತಾ, ಇಲ್ಲೂ ಹಾಗೇ, ದಿನವಿಡೀ ಆ ಹೊಗೆ ಕುಡಿದರೆ ಬೇರೆ ಔಷಧಿ ಬೇಕಾಗುತ್ತಿರಲಿಲ್ಲ ಅಂದರು.

ಮೆಥನಾಲ್‌ದು ಇನ್ನೊಂದು ಕಾಟ. ಬೆಂಕಿ ಹತ್ತಿದರೆ ಹಗಲು ಬೆಳಕಲ್ಲಿ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಯಾರಾದರೂ ಸುಮ್ ಸುಮ್ನೆ ಕುಣಿಯುತ್ತಿದ್ದರೆ ನೀರು ಎರಚಬೇಕು ಅಂತ ತಿಳಿದುಕೊಳ್ಳಬೇಕಿತ್ತಂತೆ. ಇದನ್ನು ಅಜ್ಜ ತಮಾಷೆಯ ಹಾಗೆ ಹೇಳಿದರು. ನನಗೇನೂ ತಮಾಷೆ ಕಾಣಲಿಲ್ಲ.

ಇವತ್ತು ನಾವು ಹಾಕುತ್ತಿರುವುದು ರೇಸಿನ ಮೋಟರ್ ಅಲ್ಲ. 50ರ ದಶಕದ ಜಾನ್ಸನ್ ಕಂಪನಿಯ ಸೀಹಾರ್ಸ್, 10 ಹಾರ್ಸ್‌ಪವರ್. ಎತ್ತುವುದನ್ನು ನೋಡುತ್ತಿದ್ದೀರಲ್ಲ, ಮಾತಾಡುವುದಿಲ್ಲ, ಸೊಂಟ ಇನ್ನೂ ನೋಯುತ್ತಿದೆ. 1909ರಲ್ಲಿ ಇದೇ ರಾಜ್ಯದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಅನ್ನೋ ನಾರ್ವೆ ಮೂಲದವರು ಮಾರಾಟಕ್ಕೆ ಬಿಟ್ಟ ಮೋಟರ್ 1.5 ಹಾರ್ಸ್‌ಪವರ್, ತೂಕ 62 ಪೌಂಡ್. ಸುಮಾರು 28 ಕಿಲೋ. ಮೊದಮೊದಲಿನವೂ ಹಗುರವೇನಲ್ಲ. ಹುಡುಗಿಗೆ ಐಸ್‌ಕ್ರೀಮ್ ತರೋಕೆ ಕೆರೆ ದಾಟಿ ಹುಟ್ಟು ಹಾಕಿಕೊಂಡು ಹೋದರಂತೆ, ವಾಪಸ್ ಬರುವಷ್ಟರಲ್ಲಿ ಕರಗಿಹೋಗಿತ್ತಂತೆ, ಅದೇ ಸಿಟ್ಟಿಗೆ ಮೋಟರ್ ಮಾಡಿದರು ಅಂತ ಇಲ್ಲಿ ಎಲ್ಲರೂ ಹೇಳುವ ಕಥೆ. ಆ ಹುಡುಗಿಯೇ ಮುಂದೆ ಹೆಂಡತಿಯಾಗಿ ಕಂಪನಿಯ ವ್ಯವಹಾರ ನೋಡಿಕೊಂಡರು. ನಾನು ಐಸ್‌ಕ್ರೀಮ್ ಕರಗಿಸಿಕೊಂಡು ಹೋದಾಗ ಸಿಕ್ಕಿದ್ದು ಬೈಗುಳ ಮಾತ್ರ.

ಸರಿ, ನೀರಿಗಿಳಿದೆವು. ಆ ನೀಲಿ ಹೊಗೆ ನೋಡಿ. ಪೆಟ್ರೋಲಿಗೆ ಆಯಿಲ್ 24ಕ್ಕೆ 1. ನಮ್ಮ ಮಾವನ ಯೆಜ್ಡಿ ಚಳಿಗಾಲದಲ್ಲಿ ಸ್ಟಾರ್ಟ್ ಆದ ಹಾಗೇ ಇದೆ, ಅಲ್ವಾ? ಮೈಸೂರಿನವರಿಗೆ ಇದು ಹೊಗೆಯಲ್ಲ, ಧೂಪ. ಅಕ್ಕಪಕ್ಕದ ದೋಣಿಯವರು ಮೂಗು ಮುಚ್ಚಿಕೊಂಡಿದ್ದು ಫ್ರೇಮಿನ ಬಲಗಡೆ ಕಾಣುತ್ತದೆ. ಅವರದ್ದೆಲ್ಲ ಹೊಸ ಫೋರ್ ಸ್ಟ್ರೋಕ್. ಸದ್ದಿಲ್ಲ, ಹೊಗೆಯಿಲ್ಲ, ಜೀವವೂ ಇಲ್ಲ. ಇದು ಆ ಹೊತ್ತಿನ ನನ್ನ ಅಭಿಪ್ರಾಯ. ಸ್ವಲ್ಪ ಹೊತ್ತಿಗೆ ಬದಲಾಗುತ್ತದೆ, ನೋಡುತ್ತಿರಿ.

ಈ ಕೆರೆ ಸುಮಾರು 30 ಮೈಲಿ ಉದ್ದ, 10 ಮೈಲಿ ಅಗಲ. ಆದರೆ ಆಳ? ಸರಾಸರಿ 15 ಅಡಿ ಅಷ್ಟೆ. ಅಗಲವಾದ ತಟ್ಟೆಯಲ್ಲಿ ನೀರು ಹುಯ್ದ ಹಾಗೆ. ಗಾಳಿ ಎದ್ದರೆ ಅಲೆ ಗಿಡ್ಡವಾಗಿ, ಒಂದರ ಹಿಂದೆ ಒಂದು, ಚಿಕ್ಕ ಚಿಕ್ಕ ಹಂಪ್ ಹಾಕಿದ ರಸ್ತೆಯ ಹಾಗೆ ಬರುತ್ತದೆ. ಮೋಟರನ್ನು ಹಿಂಸೆ ಮಾಡಿ ನೋಡೋಕೆ ಇದಕ್ಕಿಂತ ಒಳ್ಳೇ ಜಾಗವಿಲ್ಲ ಅಂತಾರೆ ಅಜ್ಜ. ಕೆರೆಯ ತೆಂಕಣ ತುದಿಯ ಫಾನ್ ಡು ಲ್ಯಾಕ್ ಊರಲ್ಲಿ ಮರ್ಕ್ಯುರಿ ಕಂಪನಿ, ಆಗ ಮಿಲ್ವಾಕಿಯಲ್ಲಿ ಎವಿನ್‌ರೂಡ್. ಆಗ ಜನ ಎರಡು ಪಾರ್ಟಿ. ರಾಜ್, ವಿಷ್ಣು ಅಭಿಮಾನಿಗಳು ಇದ್ದರಲ್ಲ, ಹಾಗೆ. ಆ ಮನೆಯ ಹುಡುಗ ಈ ಮನೆಯ ಹುಡುಗಿಯನ್ನು ನೋಡೋಕೆ ಬಂದರೆ ಮೊದಲು ಅವನ ದೋಣಿಯ ಹಿಂದೆ ಯಾವ ಬಣ್ಣದ ಮೋಟರಿದೆ ಅಂತ ನೋಡುತ್ತಿದ್ದರು ಅಂತಾರೆ ಅಜ್ಜ. ಇದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ.

ಮರ್ಕ್ಯುರಿ ಕಂಪನಿ ಕಟ್ಟಿದ ಕಾರ್ಲ್ ಕೀಕ್‌ಹೇಫರ್ ಅವರದ್ದು ಇನ್ನೊಂದು ಕಥೆ. 1939ರಲ್ಲಿ ಆ ಮನುಷ್ಯ ಫ್ಯಾಕ್ಟರಿ ಕೊಂಡಿದ್ದು ಡೇರಿಗೆ ಬೇಕಾದ ಯಂತ್ರ ಮಾಡೋಕೆ. ಒಳಗೆ ನೋಡಿದರೆ ಅಂಗಡಿಯವರು ಬೇಡ ಅಂತ ವಾಪಸ್ ಕಳಿಸಿದ ನೂರಾರು ಕೆಟ್ಟ ದೋಣಿ ಮೋಟರು. ಕಾಸು ಬೇಕಿತ್ತು, ಅವನ್ನೇ ರಿಪೇರಿ ಮಾಡಿ ಮಾರಿದರು. ಇನ್ನಷ್ಟು ಕೊಡಿ ಅಂದರು ಜನ. ಡೇರಿ ಅಲ್ಲಿಗೇ ಮರೆತುಹೋಯಿತು.

ಇಲ್ಲಿ ಚಳಿಗಾಲದಲ್ಲಿ ಈ ನೀರೆಲ್ಲ ಕಲ್ಲು. ಮೇಲೆ ಕಾರು ಓಡಿಸುತ್ತಾರೆ. ಮೋಟರ್ ಟೆಸ್ಟ್ ಎಲ್ಲಿ ಮಾಡುವುದು? ಅದಕ್ಕೆ ಕೀಕ್‌ಹೇಫರ್ ಫ್ಲಾರಿಡಾದಲ್ಲಿ ಕಾಡಿನ ಮಧ್ಯದ ಒಂದು ಕೆರೆ ಹಿಡಿದರು. ಬೇರೆ ಕಂಪನಿಯವರಿಗೆ ಗೊತ್ತಾಗಬಾರದು ಅಂತ ನಿಜವಾದ ಹೆಸರೂ ಹೇಳದೆ ಲೇಕ್ ಎಕ್ಸ್ ಅಂದರು. 1957ರಲ್ಲಿ ಅಲ್ಲಿ ಎರಡು ದೋಣಿ ಬಿಟ್ಟರು. ದೋಣಿಯ ಹಿಂಬದಿಗೆ ಮಾರ್ಕ್ 75 ಮೋಟರ್, 6 ಸಿಲಿಂಡರ್, 60 ಹಾರ್ಸ್‌ಪವರ್. ಹಗಲು ರಾತ್ರಿ, ನಿಲ್ಲಿಸದೆ, 25,000 ಮೈಲಿ. ಭೂಮಿಗೆ ಒಂದು ಸುತ್ತು ಬಂದಷ್ಟು. 34 ದಿನ ಹಿಡಿಯಿತು. ಪೆಟ್ರೋಲ್ ತುಂಬಿದ್ದೂ ಓಡುತ್ತಲೇ, ಡ್ರೈವರ್ ಬದಲಾಗಿದ್ದೂ ಓಡುತ್ತಲೇ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 30 ಮೈಲಿ. ಅಷ್ಟೇನಾ ಅಂದೆ ನಾನು. ಅಜ್ಜ ನನ್ನನ್ನು ನೋಡಿದ ನೋಟ ನಿಮಗೆ ತೋರಿಸುವ ಹಾಗಿಲ್ಲ, ಮುಖ ಬರಬಾರದು. "ಕತ್ತಲಲ್ಲಿ, ಮೊಸಳೆ ಇರುವ ನೀರಲ್ಲಿ, ನೀನು ಒಂದು ರಾತ್ರಿ ಓಡಿಸು, ಆಮೇಲೆ ಮಾತಾಡು" ಅಂದರು.

ಅಷ್ಟೇನಾ ಅಂದ ಬಾಯಿಗೆ ಆಗಲೇ ಶಿಕ್ಷೆ ಸಿಕ್ಕಿತು. ಈಗ ದೋಣಿ ತಿರುಗಿಸುವ ಹಿಡಿ ನನ್ನ ಕೈಗೆ ಬಂದಿದೆ. ಒಂದು ಕೈಯಲ್ಲಿ ಮೋಟರ್, ಒಂದು ಕೈಯಲ್ಲಿ ಕ್ಯಾಮೆರಾ. ಅಜ್ಜ ಎಡಕ್ಕೆ, ಎಡಕ್ಕೆ ಅಂತ ಕೈ ಮಾಡುತ್ತಿದ್ದಾರೆ. ನಾನು ಟಾಟಾ ಮಾಡುತ್ತಿದ್ದಾರೆ ಅಂದುಕೊಂಡು ಕ್ಯಾಮೆರಾ ಅವರ ಕಡೆ ತಿರುಗಿಸಿದೆ. ಟಕ್! ಕೇಳಿತಾ? ಇನ್ನೊಮ್ಮೆ ಹಾಕುತ್ತೇನೆ. ಟಕ್. ಅದು ಬಂಡೆ. ಇಂಜಿನ್ ಕಿರುಚುತ್ತಿದೆ, ದೋಣಿ ಮಾತ್ರ ಅಲ್ಲಾಡುತ್ತಿಲ್ಲ.

ಮುಗೀತು, 70 ವರ್ಷದ ಮೋಟರ್ ನನ್ನ ಕೈಯಲ್ಲಿ ಸತ್ತಿತು ಅಂದುಕೊಂಡೆ. ಅಜ್ಜ ಆರಾಮಾಗಿ ಕಿವಿ ಮಷೀನ್ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಸಾರಿ ಸಾರಿ ಅನ್ನುವುದು ಕೇಳಬಾರದು ಅಂತ. ಆಮೇಲೆ ಮೋಟರ್ ಕವರ್ ಬಿಚ್ಚಿದರು. ಒಳಗೆ ಟೇಪ್ ಹಚ್ಚಿ ಅಂಟಿಸಿದ ಎರಡು ಸಣ್ಣ ಕಡ್ಡಿ. ಶಿಯರ್ ಪಿನ್. ಶಾಫ್ಟಿನ ಜೊತೆ ಪ್ರೊಪೆಲ್ಲರ್ ತಿರುಗುವ ಹಾಗೆ ಮಾಡುವುದು ಈ ಮೆತ್ತನೆಯ ಕಡ್ಡಿ ಒಂದೇ. ಬಂಡೆಗೆ ಹೊಡೆದರೆ ಇದು ಮುರಿಯುತ್ತದೆ, ಗೇರ್ ಉಳಿಯುತ್ತದೆ. ಮುರಿಯುವುದೇ ಅದರ ಕೆಲಸ. ಮನೆ ಫ್ಯೂಸ್ ಇದ್ದ ಹಾಗೆ.

ಬದಲಾಯಿಸೋಕೆ ಐದು ನಿಮಿಷ ಅಂದರು. ಮೋಟರ್ ಎತ್ತಿ, ನಾನು ಹಿಂದಕ್ಕೆ ಬಾಗಿ, ಪ್ರೊಪೆಲ್ಲರ್ ಕಳಚದ ಹಾಗೆ ತುದಿಯಲ್ಲಿ ತೂರಿಸಿ ಮಡಿಸಿರುವ ಕಾಟರ್ ಪಿನ್ ಎಳೆಯಬೇಕು. ಎಳೆದೆ. ಬಂತು. ಬೆರಳಲ್ಲಿ ಹಿಡಿದು ಕ್ಯಾಮೆರಾಗೆ ತೋರಿಸಿದೆ. ಯಾರು ಕೇಳಿದ್ದರು? ನೀವು ಕೇಳಿದ್ದಿರಾ? ಇಲ್ಲ ತಾನೆ. ಒಂದು ಹುಳ ಮೂಗಿಗೆ ಹೋಯಿತು, ಸೀನಿದೆ, ಪಿನ್ ನೀರಿಗೆ. ಪುಳಕ್ ಅಂತಲೂ ಅನ್ನಲಿಲ್ಲ.

ಶಿಯರ್ ಪಿನ್ ಎರಡಿತ್ತು, ಕಾಟರ್ ಪಿನ್ ಇದ್ದದ್ದು ಒಂದೇ. ಅದಿಲ್ಲದೆ ಓಡಿಸಿದರೆ ಪ್ರೊಪೆಲ್ಲರ್ ಕಳಚಿ ಕೆರೆಗೆ ಆಹುತಿ. ಗಾಳಿ ನಮ್ಮನ್ನು ಬಂಡೆ ಕಡೆಗೇ ತಳ್ಳುತ್ತಿದೆ. ಹುಟ್ಟು ಎಲ್ಲಿ ಅಂದೆ. ಗ್ಯಾರೇಜಿನಲ್ಲಿ ಅಂದರು. ಅಜ್ಜ ತಂತಿ ಇದೆಯಾ ಅಂದರು, ಮೊಳೆ ಇದೆಯಾ ಅಂದರು. ನನ್ನ ಹತ್ತಿರ ಇದ್ದದ್ದು ಚಿತ್ರಾನ್ನದ ಡಬ್ಬಿ, ಎರಡು ಬ್ಯಾಟರಿ. ಅಷ್ಟರಲ್ಲಿ ಅವರ ಕಣ್ಣು ನನ್ನ ಕ್ಯಾಮೆರಾ ಬ್ಯಾಗಿನ ಮೇಲೆ ಬಿತ್ತು. ಅದರ ಜಿಪ್ ಹೋಗಿ ಒಂದು ವರ್ಷವಾಯಿತು. ನನ್ನ ಹೆಂಡತಿ ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ತೆಗೆದು ಹಾಕಿಕೊಟ್ಟಿದ್ದಳು. ಅದನ್ನೇ ಬಿಚ್ಚಿ, ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡಿ, ತೂರಿಸಿ ಮಡಿಸಿದರು. 86ನೇ ವಯಸ್ಸಿನಲ್ಲಿ ಹಲ್ಲಲ್ಲಿ! ಈ ಶಾಟ್ ಮಾತ್ರ ಸರಿಯಾಗಿ ಬಂದಿದೆ ನೋಡಿ, ಫೋಕಸ್ ಕೂಡ ಸರಿಯಿದೆ.

ವಾಪಸ್ ನಿಧಾನಕ್ಕೆ ಬಂದೆವು. ದಾರಿಯುದ್ದಕ್ಕೂ ನನ್ನ ಕಣ್ಣು ಆ ಪಿನ್ ಮೇಲೇ. ಆಗ ಪಕ್ಕದಲ್ಲಿ ಒಂದು ಹೊಸ ಫೋರ್ ಸ್ಟ್ರೋಕ್ ಬೆಣ್ಣೆಯ ಹಾಗೆ ಹೋಯಿತು. ನನ್ನ ಅಭಿಪ್ರಾಯ ಬದಲಾಯಿತು. ಹೊಸದೇ ವಾಸಿ.

ಅಜ್ಜ ಆಗ ರೇಸಿನ ಮಾತು ತೆಗೆದರು. ರೇಸಿನ ಮೋಟರುಗಳಿಗೆ ನ್ಯೂಟ್ರಲ್ ಇರುತ್ತಿರಲಿಲ್ಲವಂತೆ. ನೀರಲ್ಲಿ ಸೊಂಟದವರೆಗೆ ನಿಂತು ಒಬ್ಬ ದೋಣಿ ಹಿಡಿಯಬೇಕು, ಡ್ರೈವರ್ ಹಗ್ಗ ಸುತ್ತಿ ಎಳೆಯಬೇಕು, ಹತ್ತಿದ ಕೂಡಲೇ ದೋಣಿ ಹಾರುತ್ತದೆ. ಸೀಟಿಲ್ಲ, ಮೊಣಕಾಲೂರಿ ಕೂರುವುದು. ಎಕ್ಸಲರೇಟರ್ ಕೈಯಲ್ಲಿ ಹಿಂಡುವ ಹಿಡಿ, ಬಿಟ್ಟರೆ ತಾನೇ ಇಳಿಯುತ್ತದೆ, ಡ್ರೈವರ್ ನೀರಿಗೆ ಬಿದ್ದರೆ ದೋಣಿ ಒಬ್ಬಂಟಿ ಓಡಬಾರದಲ್ಲ. ಶುರು ಮಾಡುವುದಕ್ಕೆ ದಡದಲ್ಲಿ ದೊಡ್ಡ ಗಡಿಯಾರ. ಮುಳ್ಳು ಸೊನ್ನೆಗೆ ಬರುವಾಗ ಗೆರೆ ದಾಟಬೇಕು, ಒಂದು ಕ್ಷಣ ಮೊದಲು ದಾಟಿದರೂ ಹೊರಗೆ. ಅಜ್ಜ ಗೆದ್ದದ್ದಕ್ಕಿಂತ ಹೀಗೆ ಹೊರಬಿದ್ದದ್ದೇ ಜಾಸ್ತಿಯಂತೆ. ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಆಲ್ಬನಿಯಿಂದ ನ್ಯೂಯಾರ್ಕ್ ನಗರದವರೆಗೆ ರೇಸ್ ನಡೆಯುತ್ತಿತ್ತು, ಸುಮಾರು 130 ಮೈಲಿ. ಬೆಂಗಳೂರಿನಿಂದ ಹೆಚ್ಚುಕಮ್ಮಿ ಸಕಲೇಶಪುರಕ್ಕೆ, ಮೊಣಕಾಲ ಮೇಲೆ. ಅದಕ್ಕೆ ಇವರು ಹೋಗಿಲ್ಲ. ಹೋಗಿಲ್ಲ ಅಂತ ಹೇಳುವಾಗ ದನಿ ಸಣ್ಣದಾಯಿತು, ನಾನೂ ಕೆದಕಲಿಲ್ಲ.

1958ರಲ್ಲಿ ಸಿಯಾಟಲ್‌ನಲ್ಲಿ ಹ್ಯೂಬರ್ಟ್ ಎಂಟ್ರಾಪ್ ಅನ್ನೋ ರೇಸುಗಾರ ಔಟ್‌ಬೋರ್ಡ್ ದೋಣಿಯಲ್ಲಿ ಗಂಟೆಗೆ 107 ಮೈಲಿ ಮುಟ್ಟಿದಾಗ ಅಜ್ಜನೂ ಜೊತೆಯ ಹುಡುಗರೂ ರೇಡಿಯೋ ಮುಂದೆ ಕೂತಿದ್ದರಂತೆ. ಮಾರನೇ ದಿನ ಎಲ್ಲರೂ ತಮ್ಮ ತಮ್ಮ ದೋಣಿ ಹಾಳು ಮಾಡಿಕೊಂಡರು ಅಂತಾರೆ.

ಈ ಕೊನೆ ಶಾಟ್ ಮತ್ತೆ ಗ್ಯಾರೇಜು. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಿದ್ದಾರೆ. ಟೆಸ್ಟಿಂಗಿನಲ್ಲಿ ದಿನಕ್ಕೆ ಎಷ್ಟೋ ಸಲ ಇದನ್ನೇ ಮಾಡುತ್ತಿದ್ದರು. ಪೂರ್ತಿ ವೇಗದಲ್ಲಿ ಓಡಿಸಿ, ಥಟ್ಟನೆ ಇಂಜಿನ್ ನಿಲ್ಲಿಸಿ, ಪ್ಲಗ್ ತೆಗೆದು ಬಣ್ಣ ನೋಡುವುದು. ಬಿಳಿ ಇದ್ದರೆ ಪೆಟ್ರೋಲ್ ಸಾಲದು, ಪಿಸ್ಟನ್ ಸುಡುತ್ತದೆ. ಕಪ್ಪಿದ್ದರೆ ಜಾಸ್ತಿಯಾಗಿದೆ. ಕಾಫಿ ಬಣ್ಣ ಬಂದರೆ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಪ್ರೊಪೆಲ್ಲರ್ ಹಾಕುವುದು. ನನಗೆ ಕೊಟ್ಟು ಯಾವ ಬಣ್ಣ ಅಂದರು. ಕಾಫಿ ಅಂದೆ. "ಹಾಲು ಹಾಕಿದ್ದಾ, ಹಾಕದ್ದಾ?" ಅಂದರು. ಹೇಳೋಕೆ ಆಗಲಿಲ್ಲ.

ಬ್ಯಾಟರಿ ಕೆಂಪು ತೋರಿಸಿತು, ಶಾಟ್ ಇಲ್ಲಿಗೇ ನಿಂತಿದೆ. ಆ ಸೇಫ್ಟಿ ಪಿನ್ ಇನ್ನೂ ಮೋಟರಲ್ಲೇ ಇದೆ, ಅಜ್ಜ ತೆಗೆಯೋಕೆ ಬಿಡುತ್ತಿಲ್ಲ. ಬ್ಯಾಗಿನ ಬಾಯಿ ಯಾಕೆ ತೆರೆದಿದೆ ಅಂತ ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲ. ಕುಕ್ಕರ್ ಮೂರನೇ ಸಲ ಕೂಗಿತು, ನಾನು ಏಳುತ್ತೇನೆ.